ಕಾಪುವಿನ ಅಂಗಳದಲ್ಲಿ ಮೂರು ಅಡಿಗಲ್ಲು

ಮೂರನೆಯ ಅಡಿಗಲ್ಲು ಅಂಗಳಕ್ಕೆ ಬಂದ ದಿನ ಪುಷ್ಪಾವತಿ ಸೊಸೆಯೊಡನೆ ಮಾತು ಬಿಟ್ಟಳು.

ಗೂಡ್ಸ್ ರಿಕ್ಷಾದ ಚಾಲಕನೂ ನೆರೆಮನೆಯವರಿಬ್ಬರೂ ಸೇರಿ ಅದನ್ನು ಹಲಗೆಯ ಮೇಲೆ ಜಾರಿಸಿ ಇಳಿಸುತ್ತಿದ್ದರು. ಧೃತಿ ಎದುರು ನಿಂತು "ಮೆಲ್ಲ, ಮೆಲ್ಲ, ಕಾಲು ಜಾಗ್ರತೆ" ಎನ್ನುತ್ತಿದ್ದಳು. ಬಾವಿಕಟ್ಟೆಯ ಬದಿಯಲ್ಲಿ ಆಗಲೇ ಎರಡು ಕೂತಿದ್ದವು. ಕಮ್ಮಾರರು ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಆ ಉಕ್ಕಿನ ದಿಮ್ಮಿಗಳಲ್ಲಿ ಒಂದು ಬರೀ ಚೌಕ, ಇನ್ನೊಂದಕ್ಕೆ ಒಂದು ಕಡೆ ಕೊಂಬಿನಂತಹ ಮೂತಿ. ಹೊಸತಕ್ಕೆ ಎರಡು ಕಡೆಯೂ ಮೂತಿ ಇತ್ತು. ಎಪ್ಪತ್ತು ಕಿಲೋಕ್ಕೆ ಕಡಿಮೆ ಇರಲಿಲ್ಲ.

ಪುಷ್ಪಾವತಿ ಕಾಪು ಮಾರ್ಕೆಟಿನಲ್ಲಿ ಮೀನು ಮಾರಿ ಆಗಷ್ಟೇ ಬಂದಿದ್ದಳು. ಖಾಲಿ ಬುಟ್ಟಿಯನ್ನು ಸೊಂಟದಿಂದ ಇಳಿಸದೆಯೇ ಕೇಳಿದಳು.

"ಎಂತ ಇದು?"

"ಅಡಿಗಲ್ಲು ಅತ್ತೆ."

"ಅದು ನನಗೂ ಕಾಣ್ತದೆ. ಮೊದಲಿನ ಎರಡು ಮರಿ ಹಾಕಿದ್ದಾ ಅಂತ ಕೇಳಿದ್ದು."

ರಿಕ್ಷಾದವನು ನಕ್ಕ. ಧೃತಿ ನಗಲಿಲ್ಲ. "ಇವತ್ತು ಬಿಟ್ಟಿದ್ದರೆ ನಾಳೆ ಗ್ಯಾಸ್ ಕಟ್ಟರಿನಲ್ಲಿ ತುಂಡು ಮಾಡ್ತಿದ್ದರು ಅತ್ತೆ."

"ಮಾಡ್ಲಿ. ಇದು ನಿನ್ನ ಅಪ್ಪನದ್ದಾ?"

"ಅಲ್ಲ."

"ಆ ಎರಡು?"

"ಅದೂ ಅಲ್ಲ."

"ಹಾಗಾದ್ರೆ ಯಾರ್ಯಾರದ್ದೋ ಅಪ್ಪಂದಿರದ್ದನ್ನೆಲ್ಲ ತಂದು ನನ್ನ ಅಂಗಳದಲ್ಲಿ ಕೂರಿಸುದಾ?"

ಪುಷ್ಪಾವತಿ ಬುಟ್ಟಿಯನ್ನು ಬಾವಿಯ ಹತ್ತಿರ ಕುಕ್ಕಿ ಒಳಗೆ ಹೋದಳು. ಆ ಮೇಲೆ ಹನ್ನೊಂದು ದಿನ ಮಾತಿಲ್ಲ.

ಧೃತಿ ಅಜೆಕಾರಿನ ಕುಲುಮೆ ಮನೆಯ ಹುಡುಗಿ. ಅವಳ ಅಪ್ಪ ಸರ್ವೋತ್ತಮ ಆಚಾರಿ ಕತ್ತಿ, ಹಾರೆ, ತೆಂಗಿನಕಾಯಿ ಹೆರೆಯುವ ಮಣೆಗೆ ಹೆಸರಾದವನು. ಹೈಸ್ಕೂಲಿಗೆ ಹೋಗುವ ಕಾಲಕ್ಕೇ ಮಗಳು ಅವನ ಎದುರು ನಿಂತು ದೊಡ್ಡ ಸುತ್ತಿಗೆ ಎತ್ತುತ್ತಿದ್ದಳು. ಮೀನಿನ ವ್ಯಾನು ಓಡಿಸಿಕೊಂಡು ಆ ಊರಿಗೆ ಬರುತ್ತಿದ್ದ ಲಕ್ಷಿತನನ್ನು ಮೆಚ್ಚಿ ಮದುವೆಯಾದಾಗ ಅಣ್ಣ ಜಿತೇಂದ್ರ ಮುಖ ತಿರುಗಿಸಿದ, ಅಪ್ಪ ತಿರುಗಿಸಲಿಲ್ಲ. ಮದುವೆಯಾಗಿ ನಾಲ್ಕು ವರ್ಷಕ್ಕೆ ಅಪ್ಪ ತೀರಿಕೊಂಡ. ವರ್ಷದ ತಿಥಿಗೆಂದು ಧೃತಿ ಹೋದಾಗ ಕುಲುಮೆಯ ಕೊಟ್ಟಿಗೆಗೆ ಸಿಮೆಂಟು ಹಾಕಿ, ಶಟರ್ ಕೂರಿಸಿ ಬಾಡಿಗೆಗೆ ಕೊಟ್ಟಾಗಿತ್ತು.

"ಅಡಿಗಲ್ಲು ಎಲ್ಲಿ ಅಣ್ಣ?"

"ಗುಜರಿಯ ಟೆಂಪೊ ಬಂದಿತ್ತು. ಎಲ್ಲ ಒಟ್ಟಿಗೆ ಕೊಟ್ಟೆ."

"ಯಾವ ಟೆಂಪೊ?"

"ಅದೆಲ್ಲ ಯಾರು ನೋಡ್ತಾರೆ? ಕಬ್ಬಿಣ ಅಲ್ವಾ ಮಾರಾಯ್ತಿ."

ಅಲ್ಲಿಂದ ಶುರುವಾದದ್ದು. ಧೃತಿ ಮಣಿಪಾಲದ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಕೆಲಸಕ್ಕಿದ್ದಳು. ವಾರದ ರಜೆಯಲ್ಲಿ ಬಸ್ಸು ಹಿಡಿದು ಕಾರ್ಕಳ, ಉಡುಪಿ ಕಡೆಯ ಗುಜರಿ ಅಂಗಡಿಗಳಿಗೆ ಹೋಗತೊಡಗಿದಳು. ಫೋನಿನಲ್ಲಿ ಅಪ್ಪನ ಒಂದು ಫೋಟೊ ಇತ್ತು. ಅರ್ಧ ಆದ ಕತ್ತಿಯನ್ನು ಹಿಡಿದು ನಿಂತದ್ದು. ಕೆಳಗೆ ಅಡಿಗಲ್ಲಿನ ಬದಿಯಲ್ಲಿ ಉಳಿಯಿಂದ ಕಡಿದ ಆರು ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಮೀನು ಕತ್ತಿ ಎಷ್ಟುದ್ದ, ಹುಲ್ಲು ಕತ್ತಿ ಎಷ್ಟುದ್ದ ಎಂದು ಅಳೆಯಲಿಕ್ಕೆ ಅಜ್ಜನ ಕಾಲದಲ್ಲಿ ಹಾಕಿದ ಗೆರೆಗಳು. ಅಂಗಡಿಯವರಿಗೆ ಅದನ್ನು ತೋರಿಸಿ ಕೇಳುವಳು. ಅಪ್ಪನದ್ದು ಸಿಗಲಿಲ್ಲ. ಆದರೆ ಮೊದಲ ದಿನವೇ ಕಾರ್ಕಳದ ರೇಮಂಡನ ಅಂಗಳದಲ್ಲಿ ಬೇರೊಂದು ಅಡಿಗಲ್ಲು ಅಡ್ಡ ಬಿದ್ದಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿಸುವ ಗುರುತು ಹಾಕಿಯಾಗಿತ್ತು. ಧೃತಿ ಗೇಟಿನವರೆಗೆ ಹೋದವಳು ತಿರುಗಿ ಬಂದು, "ಇದನ್ನು ಇಡೀ ಕೊಡ್ತೀರಾ?" ಎಂದು ಕೇಳಿದಳು. ರೇಮಂಡ್ ಅವಳನ್ನು ಮೇಲಿಂದ ಕೆಳಗೆ ನೋಡಿ ಕಿಲೋದ ರೇಟು ಹೇಳಿದ.

ಹಾಗೆ ಬಂದದ್ದು ಮೊದಲನೆಯದು. ಎರಡನೆಯದೂ ಮೂರನೆಯದೂ ಹಾಗೆಯೇ ಬಂದವು.

ಹಣ ದೀಪಾವಳಿಯ ಬೋನಸ್ಸಿನದ್ದು. ಆ ಬೋನಸ್ಸನ್ನು ಅತ್ತೆಯ ಫ್ರೀಜರಿಗೆಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಮಾರ್ಕೆಟಿನಲ್ಲಿ ಸಂಜೆಯಾದರೆ ಉಳಿದ ಮೀನನ್ನು ಕೇಳಿದ ಬೆಲೆಗೆ ಕೊಡಬೇಕು. ಒಂದು ಫ್ರೀಜರ್ ಇದ್ದರೆ ಮರುದಿನಕ್ಕೆ ಇಡಬಹುದು ಎಂಬುದು ಪುಷ್ಪಾವತಿಯ ಎಷ್ಟೋ ವರ್ಷದ ಆಸೆ.

ಮಾತು ಬಿಟ್ಟ ಮನೆಯಲ್ಲೂ ಅಡುಗೆ ನಿಲ್ಲಲಿಲ್ಲ. ಬೆಳಿಗ್ಗೆ ಧೃತಿ ಗಂಜಿ ಬೇಯಿಸಿ, ಚಟ್ನಿ ಅರೆದು, ಏಳೂಕಾಲಿನ ಬಸ್ಸಿಗೆ ಓಡುವಳು. ಸಂಜೆಗೆ ಪುಷ್ಪಾವತಿ ಬೂತಾಯಿ ಮೀನಿನ ಹುಳಿ-ಖಾರದ ಪುಳಿಮುಂಚಿ ಮಾಡಿ ಮುಚ್ಚಿಟ್ಟಿರುವಳು. ಬಡಿಸುವಾಗ ಮಾತ್ರ ಎಲ್ಲವೂ ಲಕ್ಷಿತನ ಮೂಲಕ.

"ಲಕ್ಷಿತ್, ಉಪ್ಪು ಕಡಿಮೆ ಆಯ್ತಾ ಅಂತ ಕೇಳು."

"ಸರಿ ಉಂಟು ಅಂತ ಹೇಳಿ ನಿಮ್ಮ ಅಮ್ಮನಿಗೆ."

"ನಾನು ನಿಮ್ಮ ಪೋಸ್ಟ್ ಮ್ಯಾನಾ?" ಎಂದು ಲಕ್ಷಿತ್ ಬಟ್ಟಲು ದೂಡಿದ. "ಒಂದು ತುಂಡು ಕಬ್ಬಿಣಕ್ಕೆ ಇಷ್ಟು ಎಂತ ಮಾರಾಯ್ತಿ? ಮಾರಿ ಬಿಡು ಧೃತಿ. ರೇಮಂಡನಿಗೇ ವಾಪಸು ಕೊಡು."

"ಅವರು ಕಟ್ ಮಾಡ್ತಾರೆ."

"ಮಾಡಿದ್ರೆ ನಿನಗೆಂತ ನೋವು?"

"ನಿಮ್ಮ ಅಪ್ಪನ ದೋಣಿಯನ್ನು ಯಾರಾದ್ರೂ ಸೌದೆ ಮಾಡಿದ್ರೆ ನಿಮಗೆ ಎಂತ ನೋವು?"

ಮಾವ ಅಂಗಾರ ತಲೆಯೆತ್ತಿದ. ಮೂವತ್ತೈದು ವರ್ಷ ಕಡಲಿಗೆ ಹೋಗಿ ಈಗ ಮಂಡಿ ನೋವಿನಿಂದ ಮನೆಯಲ್ಲಿ ಬಲೆ ಹೊಲಿಯುವ ಮನುಷ್ಯ. ಅವನು ಪಾಲು ಹಾಕಿದ್ದ ಹಳೆಯ ದೋಣಿಯನ್ನು ಪಾಲುದಾರರು ನಿಜವಾಗಿಯೂ ಒಡೆದು ಸೌದೆಗೆ ಮಾರಿದ್ದರು. ಅವನು ಮೀನಿನ ತಲೆಯನ್ನು ಚೀಪಿ ಎದ್ದು ಹೋದ.

ಮರುದಿನ ಪುಷ್ಪಾವತಿ ಮಾರ್ಕೆಟಿನಿಂದ ಬರುವಾಗ ಅಂಗಾರ ಬಾವಿಕಟ್ಟೆಯ ಬದಿಯಲ್ಲಿ ಕೂತಿದ್ದ. ಕೊಂಬಿನ ಅಡಿಗಲ್ಲನ್ನು ಮರದ ಕೊರಡಿನ ಮೇಲೆ ಹೇಗೋ ಏರಿಸಿ, ಗಾಳದ ಡೊಂಕು ಕೊಕ್ಕೆಗಳನ್ನು ಅದರ ಮೂತಿಗೆ ಆನಿಸಿ ಒಂದೊಂದಾಗಿ ತಟ್ಟುತ್ತಿದ್ದ.

"ನಿಮಗೂ ಹುಚ್ಚು ಹಿಡಿಯಿತಾ?" ಎಂದಳು ಹೆಂಡತಿ.

"ಕಲ್ಲಿನ ಮೇಲೆ ತಟ್ಟಿದ್ರೆ ಕೊಕ್ಕೆ ತುಂಡಾಗ್ತದೆ ಪುಷ್ಪಾ. ಇದರಲ್ಲಿ ನೋಡು." ಅವನು ಬರೀ ಉಕ್ಕಿನ ಮೇಲೆ ಒಮ್ಮೆ ಬಡಿದ. ನಾದ ಅಂಗಳ ದಾಟಿ ತೆಂಗಿನ ಮರಗಳ ಕಡೆ ಹೋಯಿತು. "ಎಂತಹ ಸ್ವರ! ಎಷ್ಟು ವರ್ಷ ಪೆಟ್ಟು ತಿಂದಿದೆಯೋ ಏನೋ, ಮುಖ ಇನ್ನೂ ಕನ್ನಡಿಯ ಹಾಗೆ ಉಂಟು."

"ಕನ್ನಡಿ ಬೇಕಾದ್ರೆ ಒಳಗೆ ಗೋಡೆಯಲ್ಲಿ ಉಂಟು."

ಅವಳು ಹಾಗೆಂದಳೇ ಹೊರತು ಒಳಗೆ ಹೋಗುವ ಮೊದಲು ಬಗ್ಗಿ ಅದರ ಮೇಲೆ ಒಮ್ಮೆ ಅಂಗೈ ಸವರಿದಳು.

ಮಾರ್ಕೆಟಿನಲ್ಲಿ ಸುದ್ದಿ ಹರಡಿತ್ತು. ಆ ವಾರ ಬಂಗುಡೆ ವಿಪರೀತ ಬಂದು ಬೆಲೆ ಬಿದ್ದು ಎಲ್ಲರೂ ಸಿಡಿಮಿಡಿಯಲ್ಲಿದ್ದರು. ಎದುರು ಸಾಲಿನವಳೊಬ್ಬಳು ಗಿರಾಕಿಗಳ ಎದುರೇ ಕೂಗಿದಳು.

"ಪುಷ್ಪಕ್ಕ, ನಿಮ್ಮ ಸೊಸೆ ಗುಜರಿ ಅಂಗಡಿ ಇಟ್ಟಿದ್ದಾಳಂತೆ, ಹೌದಾ?"

ಪುಷ್ಪಾವತಿ ಕತ್ತಿಯನ್ನು ಕೆಳಗಿಟ್ಟಳು. "ಹೌದು, ನಿನ್ನ ಸೊಸೆ ಚಿನ್ನ ಕೇಳ್ತಾಳೆ, ನನ್ನ ಸೊಸೆ ಕಬ್ಬಿಣ ಕೇಳ್ತಾಳೆ. ಅದೂ ಅವಳ ದುಡಿಮೆಯದ್ದು. ನಿನ್ನ ಕೈಯಲ್ಲಿರುವ ಕತ್ತಿ ಯಾವುದರ ಮೇಲೆ ಹುಟ್ಟಿದ್ದು ಗೊತ್ತುಂಟಾ? ಗೊತ್ತಿಲ್ಲದಿದ್ರೆ ಬಾ, ಮನೆಗೆ ಬಂದು ನೋಡಿಕೊಂಡು ಹೋಗು."

ಸಾಲಿನಲ್ಲಿ ಎಲ್ಲರೂ ನಕ್ಕರು. ಪುಷ್ಪಾವತಿ ನಗಲಿಲ್ಲ, ಮನೆಗೆ ಬಂದು ಇದನ್ನು ಹೇಳಲೂ ಇಲ್ಲ. ಮೀನು ಕೊಳ್ಳಲು ಹೋಗಿದ್ದ ನೆರೆಮನೆಯವಳು ಬೇಲಿಯ ಆಚೆಯಿಂದ ಹೇಳಿದಾಗ ಧೃತಿಗೆ ತಿಳಿಯಿತು. ಅವಳು ಆ ಸಂಜೆ ಅತ್ತೆಯ ಮೀನಿನ ಬುಟ್ಟಿಗಳನ್ನು ತಾನೇ ತಿಕ್ಕಿ ತೊಳೆದು ಕವುಚಿಟ್ಟಳು. ಪುಷ್ಪಾವತಿ ನೋಡಿದಳು. ಊಟದ ಹೊತ್ತಿಗೆ ನೇರವಾಗಿ ಅವಳ ಬಟ್ಟಲಿಗೇ ಒಂದು ಹುರಿದ ಬಂಗುಡೆ ಹಾಕಿ, "ಮುಳ್ಳು ಜಾಗ್ರತೆ" ಎಂದಳು. ಹನ್ನೊಂದನೆಯ ದಿನ ಅದು.

ಮರುವಾರ ರೇಮಂಡ್ ಫೋನು ಮಾಡಿದ.

"ನೀವು ಕಳಿಸಿದ ಫೋಟೊ ನಮ್ಮ ಕೆಲಸದವನಿಗೆ ತೋರಿಸಿದೆ. ಆ ಗೆರೆ ಇದ್ದದ್ದು ಬಂದಿತ್ತಂತೆ. ತುಂಡು ಮಾಡಲಿಲ್ಲ. ಬೈಲೂರಿನ ಹತ್ತಿರದ ಬೇಬಿ ಅಂತ ಒಬ್ಬರು ಹೆಂಗಸು ಇಡೀ ತೆಗೆದುಕೊಂಡು ಹೋಗಿದ್ದಾರೆ."

ಧೃತಿ ಫೋನು ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿದ್ದ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಸಿಕ್ಕಿತಾ?" ಎಂದಳು ಪುಷ್ಪಾವತಿ.

"ಸಿಕ್ಕಿತು ಅತ್ತೆ. ಭಾನುವಾರ ಹೋಗ್ತೇನೆ."

"ಎಷ್ಟಕ್ಕೆ ಕೇಳ್ತೀ?"

"ಅವರು ಹೇಳಿದಷ್ಟು."

"ಅದಕ್ಕೇ ಹೇಳುದು ನಿನಗೆ ಲೋಕ ಗೊತ್ತಿಲ್ಲ ಅಂತ. ನಿನ್ನ ಮುಖ ನೋಡಿದ್ರೇ ಅವರು ಎರಡು ಪಟ್ಟು ಹೇಳ್ತಾರೆ. ನಾನೂ ಬರ್ತೇನೆ."

"ಭಾನುವಾರ ಅತ್ತೆ? ವ್ಯಾಪಾರ?"

"ಒಂದು ಭಾನುವಾರ ನನ್ನ ಮೀನು ತಿನ್ನದಿದ್ದರೆ ಕಾಪುವಿನವರು ಸಾಯುವುದಿಲ್ಲ."

ಲಕ್ಷಿತ್ ಬಾಯಿ ತೆರೆದುಕೊಂಡು ಅಮ್ಮನನ್ನು ನೋಡಿದ. ಅವನಿಗೆ ಬುದ್ಧಿ ಬಂದಾಗಿನಿಂದ ಅವಳು ಭಾನುವಾರ ರಜೆ ಮಾಡಿದ್ದು ಅವನ ಮದುವೆಯ ದಿನ ಮಾತ್ರ.

ಲಕ್ಷಿತನ ವ್ಯಾನಿನಲ್ಲೇ ಹೊರಟರು. ಪುಷ್ಪಾವತಿ ಒಳ್ಳೆಯ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಸೊಸೆಗೆ ಪಾಠ. "ಕಂಡ ಕೂಡಲೇ ಹತ್ತಿರ ಹೋಗಬೇಡ. ಬೇರೆ ಯಾವುದೋ ವಸ್ತು ನೋಡಿದ ಹಾಗೆ ಮಾಡು. ಅಪ್ಪನದ್ದು ಅಂತ ಬಾಯಿ ಬಿಡಬೇಡ. ಹೇಳಿದಿಯೋ, ರೇಟು ಏರಿತು ಅಂತಲೇ ಲೆಕ್ಕ."

ರಸ್ತೆಯಿಂದ ಕೆಳಗೆ ತಗಡಿನ ಮಾಡಿನ ಒಂದು ಕೊಟ್ಟಿಗೆ. ದೂರಕ್ಕೇ ಪೆಟ್ಟಿನ ಸದ್ದು ಕೇಳುತ್ತಿತ್ತು. ಒಳಗೆ ಐವತ್ತೈದರ ಹೆಂಗಸೊಬ್ಬಳು ನೈಟಿಯ ಮೇಲೆ ಗಂಡಸರ ಅಂಗಿ ತೊಟ್ಟು, ತಲೆಗೆ ಬೈರಾಸು ಸುತ್ತಿ, ಕಾದ ಕಬ್ಬಿಣವನ್ನು ಇಕ್ಕುಳದಲ್ಲಿ ಹಿಡಿದು ಬಡಿಯುತ್ತಿದ್ದಳು. ಮೂಲೆಯಲ್ಲಿ ಕುರ್ಚಿಯಲ್ಲಿ ಕೂತ ಗಂಡಸು ಎಡಗೈಯಲ್ಲಿ ಗಾಳಿಯ ಯಂತ್ರವನ್ನು ತಿರುಗಿಸುತ್ತಿದ್ದ. ಅವನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಕೂತುಕೊಳ್ಳಿ, ಇದೊಂದು ಕಾವು ಆರುವ ಮೊದಲು ಮುಗಿಸ್ತೇನೆ" ಎಂದಳು ಬೇಬಿ, ತಲೆ ಎತ್ತದೆ.

ಅವಳ ಕೆಳಗಿದ್ದದ್ದು ಆ ಅಡಿಗಲ್ಲೇ. ಧೃತಿಗೆ ಗೆರೆ ನೋಡುವ ಮೊದಲೇ ಗೊತ್ತಾಯಿತು. ಪಾಠ ಎಲ್ಲ ಮರೆತು ಹೋಗಿ ಮೊಣಕಾಲೂರಿ ಕೂತು ಬದಿಯನ್ನು ಮುಟ್ಟಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರರ ಆಚೆಗೆ ಹೊಳೆಯುವ ಒಂದು ಹೊಸ ಗೆರೆ.

"ಈ ಏಳನೆಯದ್ದು ಯಾರು ಹಾಕಿದ್ದು ಅಕ್ಕ?"

"ನಾನೇ" ಎಂದಳು ಬೇಬಿ. "ರಬ್ಬರ್ ಟ್ಯಾಪಿಂಗಿನ ಕತ್ತಿಗೆ. ಆ ಅಳತೆ ಇದರಲ್ಲಿ ಇರಲಿಲ್ಲ. ಉಳಿದದ್ದೆಲ್ಲ ಮೊದಲೇ ಇತ್ತು. ಯಾರೋ ಕೆಲಸ ಗೊತ್ತಿದ್ದ ಮಹಾನುಭಾವರು ಹಾಕಿದ್ದು. ಒಂದು ನೂಲಿನಷ್ಟೂ ವ್ಯತ್ಯಾಸ ಇಲ್ಲ. ರೇಮಂಡರ ಅಂಗಳದಲ್ಲಿ ಈ ಗೆರೆ ನೋಡಿಯೇ ನಾನು ತೆಗೆದುಕೊಂಡದ್ದು."

"ನನ್ನ ಅಜ್ಜ ಹಾಕಿದ್ದು. ಇದು ನನ್ನ ಅಪ್ಪನ, ಅಜೆಕಾರಿನ ಸರ್ವೋತ್ತಮ ಆಚಾರಿಯ ಅಡಿಗಲ್ಲು."

ಪುಷ್ಪಾವತಿ ಹಣೆ ಚಚ್ಚಿಕೊಂಡಳು.

ಬೇಬಿ ಸುತ್ತಿಗೆ ಇಟ್ಟು ಬೈರಾಸು ಬಿಚ್ಚಿ ಮುಖ ಒರೆಸಿಕೊಂಡಳು. "ಅಜೆಕಾರಿನ ಸರ್ವೋತ್ತಮ ಆಚಾರಿಗಳ ಮಗಳಾ ನೀನು? ಅವರ ಕೆಲಸ ನೋಡಿದ್ದೇನೆ. ನಮ್ಮ ಇವರು ಅವರ ಹೆಸರು ಹೇಳುವಾಗ ಎದ್ದು ನಿಲ್ತಿದ್ದರು." ಕುರ್ಚಿಯ ಗಂಡಸು ಯಂತ್ರ ನಿಲ್ಲಿಸಿ ತಲೆಯಾಡಿಸಿದ, ಏನೋ ಹೇಳಲು ಹೊರಟ, ಮಾತು ಹೊರಡಲಿಲ್ಲ. "ಪಾರ್ಶ್ವವಾಯು. ಮೂರು ವರ್ಷ ಆಯ್ತು. ಅವರು ಬಿದ್ದ ಮೇಲೆ ನಾನು ಹಿಡಿದದ್ದು. ನಮ್ಮ ಅಡಿಗಲ್ಲಿನ ಮುಖ ಒಡೆದು ಹೋಯ್ತು, ಅಗೋ ಅಲ್ಲಿ ಬಿದ್ದಿದೆ." ಅವಳು ಬೈರಾಸಿನಿಂದ ಅಡಿಗಲ್ಲಿನ ಮುಖ ಒರೆಸಿದಳು. "ಅಪ್ಪನದ್ದು ಅಂದ ಮೇಲೆ ನಾನು ಬೇಡ ಅನ್ನುವುದು ಹೇಗೆ? ಕೊಟ್ಟ ರೇಟೇ ಕೊಡು ಮಗಾ. ಕೊಂಡು ಹೋಗು."

ಪುಷ್ಪಾವತಿಗೆ ಚೌಕಾಶಿ ಮಾಡಲು ಏನೂ ಉಳಿಯಲಿಲ್ಲ. ಲಕ್ಷಿತ್ ಹಗ್ಗ ತರಲೆಂದು ವ್ಯಾನಿನ ಕಡೆ ತಿರುಗಿದ.

"ಅಕ್ಕ, ಒಂದು ಕಾವಿಗೆ ನಾನು ಎದುರಿನ ಪೆಟ್ಟು ಹಾಕಲಾ?" ಎಂದಳು ಧೃತಿ.

ಬೇಬಿ ಅವಳ ಕೈಗಳನ್ನು ನೋಡಿ ದೊಡ್ಡ ಸುತ್ತಿಗೆಯನ್ನು ತೋರಿಸಿದಳು. ಧೃತಿ ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿ ಚಪ್ಪಲಿ ಕಳಚಿ ನಿಂತಳು. ಕುರ್ಚಿಯ ಗಂಡಸು ಯಂತ್ರ ತಿರುಗಿಸಿದ. ಕಬ್ಬಿಣ ಕೆಂಪಾಗಿ ಹಳದಿಗೆ ತಿರುಗಿತು. ಬೇಬಿಯದು ಒಂದು ಸಣ್ಣ ಪೆಟ್ಟು, ಧೃತಿಯದು ಒಂದು ದೊಡ್ಡ ಪೆಟ್ಟು. ಮೊದಲ ಮೂರು ತಪ್ಪಿದವು. ಆಮೇಲೆ ತಪ್ಪಲಿಲ್ಲ. ಬೇಬಿ ಸುತ್ತಿಗೆಯಿಂದ ತೋರಿಸಿದ ಜಾಗಕ್ಕೇ ಸೊಸೆಯ ಪೆಟ್ಟು ಬೀಳುವುದನ್ನು, ಕಬ್ಬಿಣ ಕಣಕದ ಹಾಗೆ ಹರಡುವುದನ್ನು ಪುಷ್ಪಾವತಿ ಸೆರಗು ಬಾಯಿಗೆ ಒತ್ತಿ ನೋಡಿದಳು. ಮನೆಯಲ್ಲಿ ಹಿಟ್ಟಿನ ಪಾತ್ರೆ ಎತ್ತುವಾಗಲೂ ಸದ್ದು ಮಾಡದ ಹುಡುಗಿ ಇವಳೇನಾ ಎಂದು ಅವಳಿಗೆ ಅನಿಸಿತು.

ಕಾವು ಆರಿತು. ಧೃತಿ ಬೆವರು ಒರೆಸಿಕೊಂಡು ಹೇಳಿದಳು. "ಇದು ಇಲ್ಲೇ ಇರಲಿ ಅಕ್ಕ."

"ಎಂತ?" ಎಂದಳು ಪುಷ್ಪಾವತಿ.

"ಇಲ್ಲಿ ಅದಕ್ಕೆ ಕೆಲಸ ಉಂಟು ಅತ್ತೆ. ನಮ್ಮ ಅಂಗಳದಲ್ಲಿ ಎಂತ ಉಂಟು?"

ಬೇಬಿ ಬಹಳ ಹೊತ್ತು ಧೃತಿಯ ಕೈ ಬಿಡಲಿಲ್ಲ. ಹೊರಡುವಾಗ ಮೀನಿನ ಕತ್ತಿ ಮೂರು ಕಟ್ಟಿ ಕೊಟ್ಟಳು, ಹಣ ಬೇಡವೆಂದಳು. ಪುಷ್ಪಾವತಿ ಕೇಳಲಿಲ್ಲ. "ಹೆಂಗಸು ಬೆಂಕಿಯ ಎದುರು ನಿಂತು ಮಾಡಿದ್ದನ್ನು ನಾನು ಧರ್ಮಕ್ಕೆ ತೆಗೆದುಕೊಳ್ಳುವವಳಲ್ಲ" ಎಂದು ಪೂರ್ತಿ ಬೆಲೆ ಕೈಯಲ್ಲಿ ಇಟ್ಟೇ ವ್ಯಾನು ಹತ್ತಿದಳು.

ಹತ್ತಿದ ಮೇಲೆ ಜಗಳ.

"ಭಾನುವಾರದ ವ್ಯಾಪಾರ ಬಿಟ್ಟು ಬಂದದ್ದು ಇದಕ್ಕಾ? ಹುಡುಕಿ ಹುಡುಕಿ ಸಿಕ್ಕಿದ್ದನ್ನು ಬಿಟ್ಟು ಬರ್ಲಿಕ್ಕಾ?"

"ನೀವೇ ನೋಡಿದಿರಲ್ಲ ಅತ್ತೆ."

"ನೋಡಿದೆ. ನೋಡಿದ್ದಕ್ಕೇ ಕೇಳುದು. ನಿನ್ನ ಅಪ್ಪನ ವಸ್ತು ಒಂದೂ ನಿನಗೆ ಬೇಡ್ವಾ?"

"ಅಪ್ಪನ ವಸ್ತು ನೋಡಿಯಾಯ್ತು. ನನಗೆ ಅಷ್ಟು ಸಾಕು."

ಪುಷ್ಪಾವತಿ ಕಿಟಕಿಯ ಕಡೆ ಮುಖ ಮಾಡಿದಳು. ಕಟಪಾಡಿ ದಾಟಿದ ಮೇಲೆ ಹೊಸ ಕತ್ತಿಯ ಕಟ್ಟು ಬಿಚ್ಚಿ ಹೆಬ್ಬೆರಳಿನಲ್ಲಿ ಅಲಗು ನೋಡಿ, "ಅದೂ ಸರಿಯೇ" ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಬೇಬಿ ಹೊರಡುವಾಗ ಒಂದು ಮಾತು ಹೇಳಿದ್ದಳು. ಶಿರ್ವದಲ್ಲಿ ಒಬ್ಬರು ಆಚಾರಿ ರೈಲು ಹಳಿಯ ತುಂಡಿನ ಮೇಲೆ ಕೆಲಸ ಮಾಡುತ್ತಾರೆ, ಹೆಬ್ರಿಯ ಹತ್ತಿರ ಇನ್ನೊಬ್ಬರ ಅಡಿಗಲ್ಲು ಮೂಲೆ ಹಾರಿ ಹೋಗಿದೆ ಎಂದು. ಧೃತಿ ಇಬ್ಬರಿಗೂ ಫೋನು ಮಾಡಿದಳು. ತಾನು ಕೊಟ್ಟ ಬೆಲೆಗೇ ಕೊಡುತ್ತೇನೆ, ಒಂದೇ ಷರತ್ತು, ಮುಂದೆ ಬೇಡವಾದರೆ ಗುಜರಿಗೆ ಹಾಕದೆ ತನಗೇ ಹೇಳಬೇಕು ಎಂದಳು.

ಶಿರ್ವದ ಆಚಾರಿ ಬಂದ ದಿನ ಧೃತಿ ಕೆಲಸದಲ್ಲಿದ್ದಳು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಪುಷ್ಪಾವತಿ ಬಾಗಿಲಲ್ಲೇ ತಡೆದಳು.

"ನೀವು ಆಚಾರಿಯೇ ಅಂತ ನಾನು ನಂಬುವುದು ಹೇಗೆ? ಇಲ್ಲಿಂದ ಕೊಂಡು ಹೋಗಿ ಬೇರೆಯವರಿಗೆ ಮಾರಿದ್ರೆ?"

ಅವನು ಸಿಟ್ಟಾಗಲಿಲ್ಲ. ಅಂಗಿಯ ತೋಳು ಮಡಚಿ ಮುಂಗೈ ತೋರಿಸಿದ. ಮೊಣಕೈಯವರೆಗೂ ಕಿಡಿ ಹಾರಿ ಸುಟ್ಟ ಚುಕ್ಕಿಗಳು, ಹಳತರ ಮೇಲೆ ಹೊಸತು. ಆಮೇಲೆ ಚೌಕದ ಅಡಿಗಲ್ಲಿನ ಹತ್ತಿರ ಕೂತು ಬೆರಳ ಗೆಣ್ಣಿನಿಂದ ನಾಲ್ಕು ಮೂಲೆಗೂ ಒಂದೊಂದು ಸಲ ತಟ್ಟಿ, ಕಿವಿ ಹತ್ತಿರ ಇಟ್ಟು ಕೇಳಿ, ಕಣ್ಣು ಮುಚ್ಚಿದ. ಏಳುವಾಗ ಅದಕ್ಕೆ ಕೈ ಮುಗಿದ. ಪುಷ್ಪಾವತಿ ಒಳಗೆ ಹೋಗಿ ಚಹಾ ಮಾಡಿ ತಂದಳು. ನೆಂಟರಿಗೆ ಕೊಡುವ ಪಿಂಗಾಣಿ ಲೋಟದಲ್ಲಿ.

ಎರಡು ಮೂತಿಯದ್ದು ಹೆಬ್ರಿಗೆ ಹೋಯಿತು. ಕೊಂಬಿನದ್ದನ್ನು ಕೇಳಲು ಇನ್ನೊಬ್ಬರು ಬಂದಾಗ ಅಂಗಾರ ಅದರ ಮೇಲೆ ಕೂತುಬಿಟ್ಟ. "ಇದು ನನಗೆ ಬೇಕು. ಕೊಕ್ಕೆ ಯಾರು ಸರಿ ಮಾಡುದು?" ಅವನು ಎದ್ದದ್ದು ಅವರು ಗೇಟು ದಾಟಿದ ಮೇಲೆ.

ಆ ಎರಡರ ಹಣದಲ್ಲಿ ಹೊಸ ವರ್ಷದ ಮೊದಲ ವಾರ ಫ್ರೀಜರ್ ಬಂತು. ಹಳೆಯದೇ, ಆದರೆ ಗಟ್ಟಿ. ಪುಷ್ಪಾವತಿ ಅದಕ್ಕೆ ಕುಂಕುಮ ಹಚ್ಚಿ, ಮೊದಲು ಅದರೊಳಗೆ ಏನಿಡಬೇಕೆಂದು ತಿಳಿಯದೆ ಒಂದು ಬಾಟಲಿ ನೀರು ಇಟ್ಟಳು.

ಅದಾಗಿ ಹತ್ತು ಹದಿನೈದು ದಿನ ಕಳೆದಿರಬಹುದು. ಮಧ್ಯಾಹ್ನ ಲಕ್ಷಿತನ ವ್ಯಾನು ಅಂಗಳಕ್ಕೆ ಬಂದು ನಿಂತಿತು. ಧೃತಿಗೆ ಅಂದು ರಜೆ. ಅತ್ತೆಯ ಜೊತೆ ನಂಗು ಮೀನಿನ ಚರ್ಮ ಸುಲಿಯುತ್ತ ಕೂತಿದ್ದಳು. ಲಕ್ಷಿತ್ ಹಿಂದಿನ ಬಾಗಿಲು ತೆರೆದು ಅಪ್ಪನನ್ನೂ ನೆರೆಮನೆಯವರನ್ನೂ ಕರೆದ. ಐಸಿನ ಪೆಟ್ಟಿಗೆಗಳ ನಡುವೆ, ನೀರು ತೊಟ್ಟಿಕ್ಕುತ್ತ, ಮೀನಿನ ಬೆಳ್ಳಿ ಹುರುಪೆ ಮೆತ್ತಿಕೊಂಡು ಒಂದು ಅಡಿಗಲ್ಲು.

"ಎಲ್ಲಿಂದ?" ಎಂದು ಧೃತಿ ಎದ್ದಳು.

"ಮುನಿಯಾಲಿನ ಒಂದು ಮನೆಯಲ್ಲಿ ದನ ಕಟ್ಟಲಿಕ್ಕೆ ಇಟ್ಟುಕೊಂಡಿದ್ದರು. ನಾನು ದಿನಾ ಅಲ್ಲಿ ಹಾರ್ನ್ ಹೊಡೆಯುವವನು, ಇವತ್ತೇ ಕಂಡದ್ದು. ಗುಜರಿಯವನು ನಾಳೆ ಬರ್ತೇನೆ ಅಂದಿದ್ದಾನಂತೆ."

"ಎಷ್ಟು ಕೊಟ್ಟೆ?" ಎಂದಳು ಪುಷ್ಪಾವತಿ.

ಲಕ್ಷಿತ್ ತಲೆ ಕೆರೆದುಕೊಂಡ. "ಹಣ ಕೊಡ್ಲಿಲ್ಲ. ಅವರ ಮನೆಯಲ್ಲಿ ಮಗಳ ಸೀಮಂತ. ಎರಡೂವರೆ ಕಿಲೋ ಅಂಜಲ್ ಕೊಟ್ಟೆ."

ಅಂಜಲ್ ಎಂದರೆ ದುಬಾರಿ ಮೀನು. ಧೃತಿ ಅತ್ತೆಯ ಮುಖ ನೋಡಿದಳು. ಅಂಗಾರನೂ ನೋಡಿದ. ಪುಷ್ಪಾವತಿ ಕತ್ತಿ ಕೆಳಗಿಟ್ಟು, ಎದ್ದು, ವ್ಯಾನಿನ ಸುತ್ತ ಒಂದು ಸುತ್ತು ಬಂದು, ಒಳಗೆ ಬಗ್ಗಿ ನೋಡಿದಳು.

"ಅಂಜಲ್ ಯಾವಾಗಿನದ್ದು?"

"ಬೆಳಿಗ್ಗೆ ಮಲ್ಪೆಯಿಂದ ತಂದದ್ದು ಅಮ್ಮ."

"ನಿನ್ನೆಯದ್ದಲ್ವಾ?"

"ಅಲ್ಲ. ಕಿವಿರು ಕೆಂಪಗೆ ಇತ್ತು. ಅವರೇ ಬಿಡಿಸಿ ನೋಡಿ ತೆಗೆದುಕೊಂಡದ್ದು."

"ಸೀಮಂತದ ಮನೆ. ಹಳಸಿದ್ದು ಕೊಟ್ಟಿದ್ರೆ ನಿನ್ನನ್ನು ಈ ಗೇಟಿನೊಳಗೆ ಬಿಡ್ತಿರಲಿಲ್ಲ" ಎಂದಳು ಪುಷ್ಪಾವತಿ. ಆಮೇಲೆ ಸೆರಗು ಸಿಕ್ಕಿಸಿ ಸೊಸೆಯ ಕಡೆ ತಿರುಗಿದಳು. "ನಿಂತು ನೋಡುದೆಂತ ಮಗಾ? ಪೈಪು ತಾ. ಉಪ್ಪುನೀರು ತಾಗಿದೆ, ತುಕ್ಕು ಹಿಡಿಯುವ ಮೊದಲು ತೊಳೆಯುವಾ."